ಕೊಳೆರೋಗದ ಲೇಖನ 3,100 ಪದ ಆಗಿದೆ. ಕತ್ತರಿಸಲೇ, ಹಾಗೆಯೇ ಬಿಡಲೇ?

ತೋಟದಮನೆ (ಸೋಮವಾರ, ಬೆಳಿಗ್ಗೆ 8.40)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಸೀಮೆಯವಳು. ಅಡಿಕೆ ತೋಟದ ತಲೆಯಲ್ಲೇ ಮನೆ. ಬಿಡುವಿದ್ದಾಗ ಕೃಷಿಯ ಬಗ್ಗೆ ಅಂತರ್ಜಾಲದಲ್ಲಿ ಬರೆಯುತ್ತೇನೆ. ಈ ಸಲ ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗ ಮತ್ತು ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಬರೆಯಲು ಕುಳಿತವಳು ಎರಡು ವಾರ ಏಳಲೇ ಇಲ್ಲ. ಮುಗಿಸಿ ಎಣಿಸಿದರೆ 3,100 ಪದ!

ಒಳಗೆ ಏನೇನಿದೆ ಎಂದು ಹೇಳಿಬಿಡುತ್ತೇನೆ. ಮೊದಲಿಗೆ, ನಮ್ಮ ಅಜ್ಜಿಯ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಮಳೆ ತಾಗದ ಹಾಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದ ಬಗೆ. ಆಮೇಲೆ ಫ್ರಾನ್ಸಿನ ಕಥೆ: ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನೇ ಔಷಧವಾಗಿ ಪ್ರಕಟಿಸಿದ. ಅಲ್ಲಿಂದ ಕಥೆ ಮೈಸೂರಿಗೆ ಬರುತ್ತದೆ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಸೇರಿದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗವನ್ನು ಅಧ್ಯಯನ ಮಾಡಿ, ಈ ದ್ರಾವಣವನ್ನು ಅಡಿಕೆಗೆ ಹೊಡೆಯಲು ಕಲಿಸಿದ್ದು. ಕಡೆಯಲ್ಲಿ ದ್ರಾವಣ ಮಾಡುವ ವಿಧಾನ, ಅದನ್ನು ಪರೀಕ್ಷಿಸುವ ಬಗೆ, ಯಾವಾಗ ಹೊಡೆಯಬೇಕು, ಎಲ್ಲಿ ತಪ್ಪುತ್ತೇವೆ ಎಂಬುದು.

ಒಂದು ಜಾಲಪತ್ರಿಕೆಗೆ ಕಳುಹಿಸಿದೆ. "800 ಪದಕ್ಕೆ ಇಳಿಸಿ ಕಳುಹಿಸಿ, ಮೊಬೈಲ್‌ನಲ್ಲಿ ಅದಕ್ಕಿಂತ ಹೆಚ್ಚು ಯಾರೂ ಓದುವುದಿಲ್ಲ" ಎಂದರು. ಗೆಳತಿಯೊಬ್ಬಳು, 2,000 ಪದಕ್ಕಿಂತ ಕಡಿಮೆ ಇದ್ದರೆ ಗೂಗಲ್ ಮೂಸಿಯೂ ನೋಡುವುದಿಲ್ಲ ಎನ್ನುತ್ತಾಳೆ. ಎರಡು ಕಂತು ಮಾಡಿಬಿಡು ಎಂದು ಮನೆಯವರ ಸಲಹೆ. ಮೂವರೂ ಅಷ್ಟು ಖಚಿತವಾಗಿ ಹೇಳುವುದನ್ನು ಕೇಳಿ ನನಗೆ ಯಾರ ಮೇಲೂ ನಂಬಿಕೆ ಬರುತ್ತಿಲ್ಲ. ಸದ್ಯಕ್ಕೆ ನನ್ನ ತಾಣದಲ್ಲೇ ಹಾಕಿ ಕೊಂಡಿ ಕೊಟ್ಟಿದ್ದೇನೆ. ಲೇಖನ ಎಷ್ಟು ಉದ್ದ ಇರಬೇಕು ಎಂದು ನೀವೆಲ್ಲ ಹೇಗೆ ತೀರ್ಮಾನಿಸುತ್ತೀರಿ? ಓದಿ, ಬೇಕಾದರೆ ಬೈಯಿರಿ.

ಮೂರನೇಬೆಂಚು (ಸೋಮವಾರ, ಬೆಳಿಗ್ಗೆ 9.05)

ಅಕ್ಕ, 800 ಎಂದವರು ಸರಿಯಾಗಿಯೇ ಹೇಳಿದ್ದಾರೆ. ನಮಗೆ ಪತ್ರಿಕೋದ್ಯಮ ತರಗತಿಯಲ್ಲಿ ಪಾಠವೇ ಇದೆ. ಜಾಲತಾಣದ ಬಳಕೆ ಬಗ್ಗೆ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2008ರಲ್ಲಿ ಲೆಕ್ಕ ಹಾಕಿದ್ದರು: ಸಾಮಾನ್ಯ ಭೇಟಿಯೊಂದರಲ್ಲಿ ಓದುಗರು ಪುಟದ ಪದಗಳಲ್ಲಿ ಹೆಚ್ಚೆಂದರೆ 28 ಶೇಕಡಾ ಓದುತ್ತಾರೆ, 20ರ ಆಸುಪಾಸು ಇರುವ ಸಾಧ್ಯತೆಯೇ ಜಾಸ್ತಿ. ನಿಮ್ಮ 3,100ರಲ್ಲಿ ಓದಿಸಿಕೊಳ್ಳುವುದು ಆರುನೂರು ಚಿಲ್ಲರೆ. ಉಳಿದದ್ದನ್ನು ಯಾರಿಗಾಗಿ ಬರೆದಿರಿ?

ಸುಳ್ಯದಂಗಳ (ಸೋಮವಾರ, ಬೆಳಿಗ್ಗೆ 10.20)

ನಾನು ಪೂರ್ತಿ ಓದಿಲ್ಲ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಈಗ ನಮ್ಮ ಅಂಗಳದಲ್ಲಿ ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದೇನೆ. ಮದ್ದು ಹೊಡೆಯುವವರು ಬಂದಾಗಿದೆ, ಚಹಾ ಕುಡಿಯುತ್ತಿದ್ದಾರೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ನನಗೆ ಗೊತ್ತು. ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬಲ್ಲಿ ಮಗನಿಗೂ ನನಗೂ ಪ್ರತಿವರ್ಷ ಜಗಳ. ನಿಮ್ಮ ಲೇಖನ ತೆರೆದೆ. ಹೆಬ್ಬೆರಳಿನಲ್ಲಿ ಹದಿನೇಳು ಸಲ ಮೇಲಕ್ಕೆ ತಳ್ಳಿದ ಮೇಲೆ ಉತ್ತರ ಸಿಕ್ಕಿತು. ಅಷ್ಟರಲ್ಲಿ ಫ್ರಾನ್ಸಿಗೆ ಹೋಗಿ ಬಂದಾಗಿತ್ತು. ಕೈಯಲ್ಲಿ ಸುಣ್ಣ ಬೇರೆ, ಫೋನಿನ ಗಾಜು ನೋಡುವ ಹಾಗಿಲ್ಲ.

ಉತ್ತರ ಸರಿಯಾಗಿದೆ. ನಾನು ಗೆದ್ದೆ. ಅದಕ್ಕೆ ಧನ್ಯವಾದ. ಆದರೆ ಬರೆಯುವಾಗ ಅಂಗಳದಲ್ಲಿ ನಿಂತವನ ನೆನಪೂ ಇರಲಿ.

ಕೆಂಪುಶಾಯಿ (ಸೋಮವಾರ, ಮಧ್ಯಾಹ್ನ 12.15)

ಮೂವತ್ತೊಂದು ವರ್ಷ ಒಂದು ದಿನಪತ್ರಿಕೆಯ ಮೇಜಿನಲ್ಲಿ ಕುಳಿತು ಇತರರ ಲೇಖನ ಕತ್ತರಿಸಿ ಹೊಟ್ಟೆ ಹೊರೆದವನು ನಾನು. ಆದ್ದರಿಂದ ಉದ್ದದ ಬಗ್ಗೆ ಮಾತನಾಡುವ ಹಕ್ಕೂ ಪಾಪವೂ ಎರಡೂ ನನ್ನ ಪಾಲಿಗಿವೆ.

ಮೊದಲು ಈ 800ರ ಮೂಲ ತಿಳಿದುಕೊಳ್ಳಿ. ಮುದ್ರಣದಲ್ಲಿ ಲೇಖನದ ಉದ್ದವನ್ನು ವಿಷಯ ತೀರ್ಮಾನಿಸುತ್ತಿರಲಿಲ್ಲ, ಓದುಗನೂ ತೀರ್ಮಾನಿಸುತ್ತಿರಲಿಲ್ಲ. ಜಾಹೀರಾತು ತೀರ್ಮಾನಿಸುತ್ತಿತ್ತು. ಸಂಜೆ ಆರಕ್ಕೆ ಪುಟ ನಕ್ಷೆ ಬರುತ್ತಿತ್ತು. ಜಾಹೀರಾತಿನ ಚೌಕಗಳನ್ನು ಬಿಟ್ಟು ಉಳಿದ ಖಾಲಿ ಜಾಗವೇ ನಮ್ಮ ಪ್ರಪಂಚ. ಏಳೂವರೆಗೆ ಒಂದು ಶ್ರದ್ಧಾಂಜಲಿ ಜಾಹೀರಾತು ಬಂತೆಂದರೆ, ಅಣೆಕಟ್ಟಿನ ಬಗ್ಗೆ ಬಂದ ವಿದ್ವತ್ಪೂರ್ಣ ಲೇಖನದಿಂದ ಹನ್ನೆರಡು ಸೆಂಟಿಮೀಟರ್ ಹಾರಿಹೋಗುತ್ತಿತ್ತು. ಹಾಗೆ ಕತ್ತರಿಸಲು ಅನುಕೂಲವಾಗಲಿ ಎಂದೇ ಸುದ್ದಿಯನ್ನು ಮುಖ್ಯವಾದದ್ದು ಮೊದಲು, ಅಮುಖ್ಯವಾದದ್ದು ಕೊನೆಗೆ ಎಂದು ಬರೆಯಿಸುತ್ತಿದ್ದೆವು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಂತೂ ಜಾಗ ಸಾಲದಿದ್ದರೆ ಕೊನೆಯ ಪ್ಯಾರಾ ಎತ್ತಿಟ್ಟರೆ ಮುಗಿಯಿತು. ಸಂಪಾದಕೀಯ ಪುಟದ ಲೇಖನಕ್ಕೆ ಒಂದು ಜಾಗ, ಅದರ ಕೆಳಗಿನ ಲಘು ಬರಹಕ್ಕೆ ಇನ್ನೊಂದು ಜಾಗ. ಆ ಜಾಗಗಳ ಅಳತೆ ನಮ್ಮ ತಲೆಗೆ ಎಷ್ಟು ಅಂಟಿತೆಂದರೆ, ಕಾಗದ ಹೋಗಿ ಪರದೆ ಬಂದರೂ ಬಿಡಲಿಲ್ಲ. ಪರದೆಗೆ ಕೆಳಗಂಚು ಎಂಬುದೇ ಇಲ್ಲ. ಅಲ್ಲಿ 800 ಎನ್ನುವುದು, ಎತ್ತಿಲ್ಲದ ಕೊಟ್ಟಿಗೆಗೆ ಹುಲ್ಲು ಹಾಕಿದ ಹಾಗೆ.

ಹಾಗೆಂದು ಕತ್ತರಿಯನ್ನು ಬಾವಿಗೆ ಎಸೆಯಿರಿ ಎಂದು ಹೇಳುತ್ತಿಲ್ಲ. ಒಂದು ತಪ್ಪೊಪ್ಪಿಗೆ. ಕೃಷಿ ಪುಟಕ್ಕೆ ಒಬ್ಬರು ಇದೇ ಬೋರ್ಡೋ ದ್ರಾವಣದ ಬಗ್ಗೆ ಬರೆದಿದ್ದರು. ನಾಲ್ಕು ಸಾಲು ಹೆಚ್ಚಾಯಿತು. ರಾತ್ರಿ ಹತ್ತು ಗಂಟೆ. "ಲೋಹದ ಪಾತ್ರೆಯಲ್ಲಿ ಮಾಡಬಾರದು, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬಳಸಿ" ಎಂಬ ವಾಕ್ಯ ಕಣ್ಣಿಗೆ ಬಿತ್ತು. ಇದು ಸಣ್ಣ ವಿಷಯ ಎಂದುಕೊಂಡು ಹೊಡೆದುಹಾಕಿದೆ. ಆರಂಭದ ಎರಡು ಪ್ಯಾರಾ, ಅಡಿಕೆಯ ಮಹತ್ವವನ್ನು ಸಾರುತ್ತಿದ್ದವು, ಹಾಗೆಯೇ ಉಳಿದವು. ವಾರದೊಳಗೆ ಪತ್ರಗಳು ಬಂದವು. ಒಬ್ಬರು ಕಬ್ಬಿಣದ ಬ್ಯಾರೆಲ್‌ನಲ್ಲಿ ಕಲಸಿ, ಮದ್ದೂ ಹಾಳಾಗಿ ಬ್ಯಾರೆಲ್ಲೂ ತೂತು ಬಿದ್ದ ಕಥೆ ಬರೆದಿದ್ದರು. ಅಂಚೆ ಕಾರ್ಡಿನಲ್ಲಿ. ಹದಿನೈದು ಸಾಲು, ಒಂದು ಪದವೂ ಹೆಚ್ಚಿರಲಿಲ್ಲ.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ಒಂದು ವಾಕ್ಯ ತೆಗೆದರೆ ಯಾರಾದರೂ ಏನಾದರೂ ಕಳೆದುಕೊಳ್ಳುತ್ತಾರೆಯೇ? ಕಳೆದುಕೊಳ್ಳುವುದಾದರೆ ಯಾರು? ಹೆಸರಿಟ್ಟು ಹೇಳಲು ಬರಬೇಕು. "ಓದುಗರು" ಎಂದರೆ ಸಾಲದು. ಲೇಖನವನ್ನು ಸಂಜೆ ಪೂರ್ತಿ ಓದಿ ಮತ್ತೆ ಬರುತ್ತೇನೆ.

ಮೂರನೇಬೆಂಚಿನವರೇ, ಆ ನೀಲ್ಸನ್ ಲೆಕ್ಕದಲ್ಲಿ ಬಾಗಿಲು ತಪ್ಪಿ ಬಂದವರೂ ಸೇರಿದ್ದಾರೆ. ಅಂಗಡಿಗೆ ಬಂದು ವಿಳಾಸ ಕೇಳಿ ಹೋದವರನ್ನೂ ಗಿರಾಕಿಗಳ ಪಟ್ಟಿಗೆ ಸೇರಿಸಿದರೆ ಯಾವ ಅಂಗಡಿಯೂ ನಡೆಯುವುದಿಲ್ಲ.

ಮೂರನೇಬೆಂಚು (ಸೋಮವಾರ, ಮಧ್ಯಾಹ್ನ 12.40)

ಸರ್, ಇದು ನಮ್ಮ ಪಾಠದಲ್ಲಿ ಇರಲಿಲ್ಲ.

ಬೈಟುಲೆಕ್ಕ (ಸೋಮವಾರ, ರಾತ್ರಿ 9.30)

ಕಸುಬಿನಲ್ಲಿ ತಂತ್ರಾಂಶದವನು. ಪದಗಳ ಲೆಕ್ಕದ ಮೇಲೆಯೇ ನನ್ನ ತಕರಾರು.

ಈ 800, 2,000 ಎಲ್ಲವೂ ಇಂಗ್ಲಿಷ್ ಬರವಣಿಗೆಯಿಂದ ಬಂದ ಸಂಖ್ಯೆಗಳು. ಪದ ಎಣಿಸುವ ತಂತ್ರಾಂಶಕ್ಕೆ ವ್ಯಾಕರಣ ಗೊತ್ತಿಲ್ಲ, ಎರಡು ಖಾಲಿ ಜಾಗಗಳ ನಡುವೆ ಇರುವುದು ಒಂದು ಪದ, ಅಷ್ಟೆ. "ತೋಟದಲ್ಲಿದ್ದವರಿಗೂ" ಎಂಬುದು ನಮ್ಮಲ್ಲಿ ಒಂದೇ ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಎಂಟು ಪದ ಬೇಕು. ಕಚೇರಿಯಲ್ಲಿ ಅನುವಾದದ ಕೆಲಸ ಮಾಡುವಾಗ ನೋಡಿದ್ದೇನೆ, ಇಂಗ್ಲಿಷಿನ ಸಾವಿರ ಪದ ಕನ್ನಡಕ್ಕೆ ಬಂದರೆ ಏಳುನೂರರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಇಂಗ್ಲಿಷಿನ 800 ಪದದ ಸರಕು ನಮಗೆ 560 ಪದ. ತೋಟದಮನೆ ಅವರ 3,100 ಪದ ಇಂಗ್ಲಿಷಿಗೆ ಹೋದರೆ 4,400 ದಾಟುತ್ತದೆ. ಯಾವ ಸಂಖ್ಯೆಯನ್ನು ಯಾವ ಭಾಷೆಯ ಅಳತೆಗೋಲಿನಲ್ಲಿ ಹೇಳುತ್ತಿದ್ದೇವೆ ಎಂಬುದೇ ಗೊತ್ತಿಲ್ಲದೆ ಜಗಳವಾಡುತ್ತಿದ್ದೇವೆ. ಅದರ ಮೇಲೆ ಒಬ್ಬರು "ಮಾಡಬೇಕಾಗಿದೆ" ಎಂದು ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು "ಮಾಡ ಬೇಕಾಗಿದೆ" ಎಂದು ಬಿಡಿಸಿ ಬರೆಯುತ್ತಾರೆ. ಎರಡನೆಯವರಿಗೆ ಪದಕ್ಕಿಷ್ಟು ಎಂದು ಸಂಭಾವನೆ ಕೊಟ್ಟರೆ ಲಾಭ!

ಅಕ್ಷರ ಎಣಿಸೋಣವೆಂದರೆ ಅಲ್ಲೂ ತೊಡಕು. ಗಣಕಕ್ಕೆ "ಕ್ಷ್ಮಿ" ಒಂದು ಅಕ್ಷರವಲ್ಲ. ಕ, ವಿರಾಮ, ಷ, ವಿರಾಮ, ಮ, ಗುಡಿಸು ಎಂದು ಆರು ಸಂಕೇತ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಇಂಗ್ಲಿಷ್ ಅಕ್ಷರಕ್ಕೆ ಒಂದೇ. ಹಳೆಯ ಮೊಬೈಲ್ ಸಂದೇಶಗಳನ್ನು ನೆನಪಿಸಿಕೊಳ್ಳಿ: ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುತ್ತಿದ್ದ ಒಂದು ಸಂದೇಶದಲ್ಲಿ ಕನ್ನಡಕ್ಕೆ ಸಿಗುತ್ತಿದ್ದುದು 70 ಸಂಕೇತ. ನಾವು ಆಗಿನಿಂದಲೂ ಇಕ್ಕಟ್ಟಿನಲ್ಲೇ ಬದುಕಿದವರು.

ಆದರೆ ಹಳ್ಳಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಲೇಖನ ಚಿಕ್ಕದಿರಲಿ ಎನ್ನುವವರಿಗೆ ಒಂದು ಮಾತು. ಈ ಲೇಖನದ ಬರಹವನ್ನು ತೂಗಿ ನೋಡಿದೆ. ಸುಮಾರು 72 ಕಿಲೋಬೈಟ್. ಮಧ್ಯದಲ್ಲಿ ನೀಲಿ ಡ್ರಮ್ಮಿನ ಒಂದು ಫೋಟೋ ಇದೆಯಲ್ಲ, ಅದೊಂದೇ 2 ಮೆಗಾಬೈಟ್. ಆ ಫೋಟೋದ ತೂಕಕ್ಕೆ ಇಂತಹ ಸುಮಾರು 28 ಲೇಖನ ಸಮ. ಮೊದಲು ಡ್ರಮ್ಮನ್ನು ಸಣ್ಣದು ಮಾಡಿ.

ಇನ್ನು ತಲೆಬರಹದ ಕೆಳಗೆ "12 ನಿಮಿಷದ ಓದು" ಎಂದು ತೋರಿಸುತ್ತಿದೆ. ಇಂತಹ ಸಲಕರಣೆಗಳು ಇಂಗ್ಲಿಷ್ ಓದಿನ ವೇಗದ ಮೇಲೆ ನಿಂತಿವೆ. ಮೀಡಿಯಂ ಎಂಬ ಬರಹಗಳ ತಾಣ ನಿಮಿಷಕ್ಕೆ 265 ಪದ ಎಂದು ಹಿಡಿಯುತ್ತದೆ. ನಾನು ಗಡಿಯಾರ ಇಟ್ಟುಕೊಂಡು ಓದಿದೆ. 21 ನಿಮಿಷವಾಯಿತು, ಅದೂ ಊಟವಾದ ಮೇಲೆ ನೆಮ್ಮದಿಯಾಗಿ. ಸುಳ್ಳು ಸಮಯ ತೋರಿಸುವುದಕ್ಕಿಂತ ಅದನ್ನು ತೆಗೆದುಹಾಕುವುದು ಮೇಲು. ಕೆಲವು ಸಲಕರಣೆಗಳು ಇನ್ನೂ ತಮಾಷೆ. ಅವು ಎ ಇಂದ ಜೆಡ್ ವರೆಗಿನ ಅಕ್ಷರವಿದ್ದರೆ ಮಾತ್ರ ಪದ ಎಂದು ತಿಳಿಯುತ್ತವೆ. ಅವುಗಳ ಪ್ರಕಾರ ಮಹಾಕಾವ್ಯವೂ "1 ನಿಮಿಷದ ಓದು".

ಮೊದಲಪುಟ (ಸೋಮವಾರ, ರಾತ್ರಿ 10.10)

ಬೈಟುಲೆಕ್ಕದವರೇ, ಎಣಿಕೆ ಏನೇ ಇರಲಿ, ಹುಡುಕಾಟದಲ್ಲಿ ಮೇಲೆ ಬರಬೇಕೆಂದರೆ ಉದ್ದ ಬೇಕೇ ಬೇಕು. ನಾನು ಹಲವು ತಾಣಗಳಿಗೆ ಬರೆದುಕೊಡುತ್ತೇನೆ, ಗಿರಾಕಿಗಳು ಕೇಳುವುದೇ 2,000 ಪದ. ಸುಮ್ಮನೆ ಕೇಳುತ್ತಾರೆಯೇ?

ಬೈಟುಲೆಕ್ಕ (ಸೋಮವಾರ, ರಾತ್ರಿ 10.25)

ಸುಮ್ಮನೆಯೇ ಕೇಳುತ್ತಾರೆ. ಬರಹಗಾರರಿಗೆ ಗೂಗಲ್ ಪ್ರಕಟಿಸಿರುವ ಮಾರ್ಗದರ್ಶಿಯಲ್ಲೇ ಒಂದು ಪ್ರಶ್ನೆ ಇದೆ: ಗೂಗಲ್ ಇಷ್ಟೇ ಪದಗಳನ್ನು ಬಯಸುತ್ತದೆ ಎಂದು ಎಲ್ಲೋ ಕೇಳಿ ಆ ಸಂಖ್ಯೆಗಾಗಿ ಬರೆಯುತ್ತಿದ್ದೀರಾ ಎಂದು. ಪಕ್ಕದಲ್ಲೇ ಉತ್ತರವೂ ಇದೆ, ಅಂತಹ ಯಾವ ಸಂಖ್ಯೆಯೂ ತಮಗೆ ಇಲ್ಲವೆಂದು. ಉದ್ದದ ಲೇಖನಗಳು ಮೇಲೆ ಕಾಣುತ್ತವೆ ಎಂದರೆ, ಒಂದು ವಿಷಯವನ್ನು ಬಿಡದೆ ಹೇಳಿದವು ಸಹಜವಾಗಿ ಉದ್ದವೂ ಇರುತ್ತವೆ. ಅದನ್ನು ನೋಡಿ ನೀರು ಬೆರೆಸಿ ಉದ್ದ ಮಾಡಿದರೆ ಹಾಲು ಹೆಚ್ಚಾಗುವುದಿಲ್ಲ.

ಮೊದಲಪುಟ (ಸೋಮವಾರ, ರಾತ್ರಿ 10.31)

ಇರಬಹುದು. ಗಿರಾಕಿಗೆ ಇದನ್ನು ಹೇಳಿದರೆ ನನಗೆ ಬರುವ ಹಣ ಅರ್ಧವಾಗುತ್ತದೆ. ನಾನು ಹೇಳುವುದಿಲ್ಲ.

ದೂರದೂರು (ಮಂಗಳವಾರ, ಬೆಳಿಗ್ಗೆ 6.50)

ನ್ಯೂಜೆರ್ಸಿಯಿಂದ. ಇಲ್ಲಿ ಇನ್ನೂ ಸೋಮವಾರದ ರಾತ್ರಿ.

ನಾನು ಇಡೀ ಲೇಖನವನ್ನು ಎರಡು ಸಲ ಓದಿದೆ. ಸಾಗರದ ಹತ್ತಿರದ ತೋಟದಲ್ಲಿ ಹುಟ್ಟಿ ಬೆಳೆದವನು, ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ. ಮೈಲುತುತ್ತದ ಪ್ರಮಾಣ ಕಟ್ಟಿಕೊಂಡು ನನಗೆ ಏನಾಗಬೇಕು? ನನಗೆ ಬೇಕಿದ್ದುದು ನಿಮ್ಮ ಅಜ್ಜಿ ಜಗಲಿಯಲ್ಲಿ ಕುಳಿತು ಕೊಟ್ಟೆ ಕಟ್ಟುತ್ತಿದ್ದ ಆ ಭಾಗ. ಅಡಿಕೆ ಮರ ಹತ್ತುವ ಕೊನೆಗೌಡ ಮರದಿಂದ ಇಳಿಯದೆ ಮರದಿಂದ ಮರಕ್ಕೆ ಬಾಗಿ ಹೋಗುತ್ತಿದ್ದುದನ್ನು ಬರೆದಿದ್ದೀರಲ್ಲ, ಅಲ್ಲಿ ಓದು ನಿಲ್ಲಿಸಿ ಊರಿಗೆ ಫೋನ್ ಮಾಡಿದೆ. 3,100 ಪದ ನನಗೆ ಹೆಚ್ಚೆನಿಸಲಿಲ್ಲ, ಸಾಲಲಿಲ್ಲ. ದಯವಿಟ್ಟು ಆ ಭಾಗಕ್ಕೆ ಕತ್ತರಿ ಹಾಕಬೇಡಿ.

ಸುಳ್ಯದಂಗಳ (ಮಂಗಳವಾರ, ಬೆಳಿಗ್ಗೆ 7.15)

ದೂರದೂರಿನವರೇ, ನಿಮಗೆ ನೆನಪು ಬೇಕು, ನನಗೆ ಮದ್ದು ಬೇಕು. ಮುಂದಿನ ವಾರ ಮಳೆ ಬಂದರೆ ಕೊಳೆಯುವುದು ನನ್ನ ಅಡಿಕೆ.

ದೂರದೂರು (ಮಂಗಳವಾರ, ಬೆಳಿಗ್ಗೆ 7.22)

ನಮ್ಮ ತೋಟವೂ ಕೊಳೆಯುತ್ತದೆ ಸ್ವಾಮಿ. ತಮ್ಮ ನೋಡಿಕೊಳ್ಳುತ್ತಾನೆ ಎಂದ ಮಾತ್ರಕ್ಕೆ ಅದು ನನ್ನದಲ್ಲವೆಂದಲ್ಲ.

ಕಿವಿಯೋದು (ಮಂಗಳವಾರ, ಬೆಳಿಗ್ಗೆ 11.00)

ನಾನು ಕಣ್ಣು ಕಾಣದವನು, ಮೈಸೂರಿನಲ್ಲಿ ಶಿಕ್ಷಕ. ಲೇಖನಗಳನ್ನು ಓದುವುದು ಪರದೆ ಓದುವ ತಂತ್ರಾಂಶದ ಮೂಲಕ: ಗಣಕದಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್. ಇಲ್ಲಿಯವರೆಗೆ ಎಲ್ಲರೂ ಕಣ್ಣಿನ ಲೆಕ್ಕದಲ್ಲೇ ಮಾತನಾಡಿದ್ದೀರಿ, ಆದ್ದರಿಂದ ಕಿವಿಯ ಲೆಕ್ಕವನ್ನೂ ಹೇಳುತ್ತೇನೆ.

ಕಣ್ಣಿದ್ದವರು ಉದ್ದದ ಲೇಖನದ ಮೇಲೆ ಒಮ್ಮೆ ದೃಷ್ಟಿ ಹರಿಸಿ, ಬೇಕಾದ ಕಡೆ ನಿಲ್ಲುತ್ತಾರೆ. ಕಿವಿಗೆ ಆ ಅನುಕೂಲವಿಲ್ಲ. ಅದು ಬಂದದ್ದನ್ನು ಬಂದ ಹಾಗೆ ಕೇಳಬೇಕು. ಆದರೂ ನನಗೆ ಉದ್ದದ ಲೇಖನ ಶತ್ರುವಲ್ಲ. ಉಪಶೀರ್ಷಿಕೆಗಳನ್ನು ಸರಿಯಾಗಿ ಗುರುತು ಮಾಡಿದ್ದರೆ ಒಂದು ಕೀಲಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಹಾರಬಲ್ಲೆ. 3,100 ಪದದ ಲೇಖನದಲ್ಲಿ ಏಳು ಉಪಶೀರ್ಷಿಕೆಗಳಿದ್ದರೆ ನನಗೆ ಅದು ಏಳು ಬಾಗಿಲಿನ ಮನೆ. ಇಲ್ಲದಿದ್ದರೆ 400 ಪದದ ಲೇಖನವೂ ಕತ್ತಲೆಯ ಸುರಂಗ. ತೋಟದಮನೆ ಅವರು ಉಪಶೀರ್ಷಿಕೆಗಳನ್ನು ಬರೆದಿದ್ದಾರೆ, ಆದರೆ ಅಕ್ಷರಗಳನ್ನು ದಪ್ಪ ಮಾಡಿ ಬಿಟ್ಟಿದ್ದಾರೆ. ನಿಮ್ಮ ಕಣ್ಣಿಗೆ ಅದು ಶೀರ್ಷಿಕೆ, ನನ್ನ ತಂತ್ರಾಂಶಕ್ಕೆ ಅದು ಇನ್ನೊಂದು ಸಾಲು. ಬರೆಯುವ ಪೆಟ್ಟಿಗೆಯಲ್ಲಿ "ಶೀರ್ಷಿಕೆ" ಎಂಬ ಆಯ್ಕೆ ಇರುತ್ತದೆ, ಅದನ್ನು ಬಳಸಿದರೆ ಸಾಕು.

ಇನ್ನೊಂದು. ಮದ್ದಿನ ಪ್ರಮಾಣವನ್ನು ಚಿತ್ರದೊಳಗೆ ಬರೆದು ಹಾಕಿದ್ದೀರಿ. ನನಗೆ ಕೇಳಿಸಿದ್ದು "ಚಿತ್ರ" ಎಂದು ಮಾತ್ರ. ಇಡೀ ಲೇಖನದ ತಿರುಳೇ ಅದು! ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಮಾಡಿ ಹಂಚಿದರೆ ಹೆಚ್ಚು ಜನ ನೋಡುತ್ತಾರೆ, ನಿಜ. ಅದರ ಜೊತೆಗೆ ಅಕ್ಷರದಲ್ಲೂ ಇರಲಿ.

ದ್ರಾಕ್ಷಿಯ ಕಥೆ ತುಂಬ ಚೆನ್ನಾಗಿದೆ. ತರಗತಿಯಲ್ಲಿ ಹೇಳಿದೆ, ಮಕ್ಕಳು ಕಳ್ಳತನದ ಭಾಗಕ್ಕೆ ನಕ್ಕರು.

ತೋಟದಮನೆ (ಮಂಗಳವಾರ, ಸಂಜೆ 7.30)

ಚಿತ್ರದ ವಿಷಯ ಹೊಳೆದೇ ಇರಲಿಲ್ಲ, ಕ್ಷಮಿಸಿ. ಡ್ರಮ್ಮಿನ ಫೋಟೋ ಚಿಕ್ಕದು ಮಾಡಿದೆ, ಪ್ರಮಾಣವನ್ನು ಬರಹದಲ್ಲಿ ಸೇರಿಸಿದೆ, ಶೀರ್ಷಿಕೆಗಳನ್ನು ಸರಿ ಮಾಡಿದೆ. ಉದ್ದ ಮಾತ್ರ ಹಾಗೆಯೇ ಇದೆ!

ಸುಳ್ಯದ ಅಣ್ಣನವರ ಮಾತೂ ಸರಿ, ದೂರದೂರಿನವರ ಮಾತೂ ಸರಿ. ಹಾಗಾದರೆ ಎರಡು ಕಂತು ಮಾಡಲೇ? ಮೊದಲನೆಯದರಲ್ಲಿ ಕಥೆ, ಎರಡನೆಯದರಲ್ಲಿ ಮದ್ದು?

ಕೆಂಪುಶಾಯಿ (ಮಂಗಳವಾರ, ರಾತ್ರಿ 8.05)

ಬೇಡ. ಧಾರಾವಾಹಿಗೆ ವಾರಪತ್ರಿಕೆಯ ಶಿಸ್ತು ಬೇಕು. ಗುರುವಾರ ಬಂದರೆ ಓದುಗನಿಗೆ ಗೊತ್ತು, ಹಿಂದಿನ ಸಂಚಿಕೆ ಮನೆಯಲ್ಲೇ ಇದೆ ಎಂದು. ಅಂತರ್ಜಾಲದಲ್ಲಿ ಎರಡನೇ ಕಂತಿಗೆ ಬರುವವನು ಮೊದಲನೆಯದನ್ನು ನೋಡಿರುವುದಿಲ್ಲ, ಮೊದಲನೆಯದನ್ನು ಓದಿದವನಿಗೆ ಎರಡನೆಯದು ಬಂದದ್ದೇ ತಿಳಿಯುವುದಿಲ್ಲ.

ಸುಳ್ಯದಂಗಳ (ಮಂಗಳವಾರ, ರಾತ್ರಿ 8.20)

ಮದ್ದಿನ ಭಾಗವನ್ನೇ ಎರಡು ಮಾಡಿದವರೂ ಇದ್ದಾರೆ. ಹೋದ ವರ್ಷ ಒಬ್ಬರು ಹಾಗೆ ಬರೆದಿದ್ದರು. ಒಂದರಲ್ಲಿ ಕಲಸುವುದು, ಮುಂದಿನ ವಾರ ಪರೀಕ್ಷೆ. ನಮ್ಮ ಗುಂಪಿನಲ್ಲಿ ಹರಿದಾಡಿದ್ದು ಮೊದಲನೆಯದು ಮಾತ್ರ. ಸುಣ್ಣ ಸಾಕೇ ಎಂದು ಚಾಕು ಅದ್ದಿ ನೋಡಬೇಕೆಂಬುದು ಪಕ್ಕದ ಮನೆಯವರಿಗೆ ಗೊತ್ತೇ ಆಗಲಿಲ್ಲ. ಸುಣ್ಣ ಹಳೆಯದಿತ್ತು, ಸತ್ತುಹೋಗಿತ್ತು. ತಾಮ್ರ ಹೆಚ್ಚಾಗಿ ಎಳೆಕಾಯಿಯೆಲ್ಲ ಸುಟ್ಟಿತು. ಅರ್ಧ ಲೇಖನ ಕೊಡುವುದಕ್ಕಿಂತ ಕೊಡದಿರುವುದು ವಾಸಿ.

ವಿಕಿಮಿತ್ರ (ಮಂಗಳವಾರ, ರಾತ್ರಿ 9.45)

ನಾನು ಕನ್ನಡ ವಿಕಿಪೀಡಿಯದಲ್ಲಿ ಆಗಾಗ ತಿದ್ದುವವನು. ಉದ್ದವೆಂದರೆ ಗುಣ ಎಂದು ನಂಬಿದ್ದಕ್ಕೆ ಅಲ್ಲಿ ಒಂದು ಪಾಠವಿದೆ. 2010ರ ಸುಮಾರಿಗೆ ಗೂಗಲ್ ತನ್ನ ಅನುವಾದ ಸಲಕರಣೆಯ ಮೂಲಕ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಮಾಡಿಸಿತು. ಮಾರುದ್ದದ ಲೇಖನಗಳು ಬಂದು ಬಿದ್ದವು. ಒಂದೊಂದು ವಾಕ್ಯಕ್ಕೆ ಮೂರು ಮೂರು "ಯಾವುದು", "ಎಂಬುದಾಗಿ". ತಿದ್ದೋಣವೆಂದು ಒಂದನ್ನು ಹಿಡಿದು ಕುಳಿತರೆ ಭಾನುವಾರವೇ ಮುಗಿಯುತ್ತಿತ್ತು, ಲೇಖನ ಮುಗಿಯುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ನಮ್ಮ ಎಷ್ಟೋ ಊರು, ಹೊಳೆ, ಹಣ್ಣುಗಳ ಲೇಖನಗಳು ಎರಡು ಸಾಲಿನಲ್ಲಿ ನಿಂತಿದ್ದವು. ಎರಡು ಸಾಲಿನದನ್ನು ಹತ್ತು ಸಾಲು ಮಾಡುವುದು ಒಂದು ಸಂಜೆಯ ಕೆಲಸ. ಬೈಟುಗಳ ಪಟ್ಟಿಯಲ್ಲಿ ಮೇಲಿರುವುದನ್ನೇ ಒಳ್ಳೆಯ ಲೇಖನ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹೇಳಿದೆ.

ಕೆಂಪುಶಾಯಿ (ಬುಧವಾರ, ಬೆಳಿಗ್ಗೆ 6.30)

ರಾತ್ರಿ ಪೂರ್ತಿ ಓದಿದೆ, ಕಾಗದಕ್ಕೆ ಇಳಿಸಿಕೊಂಡು, ಕೆಂಪು ಪೆನ್ನು ಹಿಡಿದು. ಹಳೆಯ ಚಾಳಿ.

ತೋಟದಮನೆ ಅವರೇ, ನಿಮ್ಮ ಲೇಖನದಲ್ಲಿ ತೆಗೆಯಬೇಕಾದದ್ದು ಅಜ್ಜಿಯನ್ನಲ್ಲ, ಫ್ರಾನ್ಸನ್ನೂ ಅಲ್ಲ. ಮೊದಲ ವಾಕ್ಯ ಹೀಗಿದೆ: "ಇತ್ತೀಚಿನ ದಿನಗಳಲ್ಲಿ ಅಡಿಕೆ ಬೆಳೆಗಾರರನ್ನು ಕಾಡುತ್ತಿರುವ ಅತ್ಯಂತ ಪ್ರಮುಖ ಸಮಸ್ಯೆಗಳಲ್ಲಿ ಕೊಳೆರೋಗವೂ ಒಂದು ಎಂದರೆ ತಪ್ಪಾಗಲಾರದು." ನೀವೇ ಮುಂದೆ ಕೋಲ್ಮನ್ ಅವರು 1910ರಲ್ಲಿ ಇದರ ಬಗ್ಗೆ ಪುಸ್ತಿಕೆ ಪ್ರಕಟಿಸಿದರು ಎಂದು ಬರೆದಿದ್ದೀರಿ. ನೂರು ವರ್ಷಕ್ಕೂ ಹಿಂದಿನ ರೋಗಕ್ಕೆ "ಇತ್ತೀಚಿನ ದಿನಗಳು" ಎಲ್ಲಿಂದ ಬಂದವು? ತಪ್ಪಾಗಲಾರದು ಎಂದು ಹೇಳುವಾಗಲೇ ತಪ್ಪಾಗಿದೆ. ಇಂತಹವು ಲೇಖನದಲ್ಲಿ ಎಷ್ಟಿವೆ ಎಂದು ಗುರುತು ಹಾಕುತ್ತಾ ಹೋದೆ. "ಎಂಬುದನ್ನು ನಾವಿಲ್ಲಿ ಗಮನಿಸಬೇಕಾಗುತ್ತದೆ" ಒಂಬತ್ತು ಸಲ. ಗಮನಿಸದೆ ಓದುತ್ತಿದ್ದೇವೆಯೇ? "ಮೇಲೆ ಹೇಳಿದ ಹಾಗೆ" ಆರು ಸಲ. ಮೇಲೆ ಹೇಳಿದ್ದರೆ ಮತ್ತೇಕೆ? "ಸಿಂಪಡಣೆಯನ್ನು ಮಾಡುವ ಕಾರ್ಯವನ್ನು ಕೈಗೊಳ್ಳಬೇಕಾಗುತ್ತದೆ" ಎಂದಿದೆ. ನಿಮ್ಮ ಮನೆಯಲ್ಲಿ ಹೀಗೆ ಹೇಳಿದರೆ ಕೊನೆಗೌಡ ಮರ ಹತ್ತುವುದಿಲ್ಲ, ಬಂದ ದಾರಿಯಲ್ಲೇ ಹೋಗುತ್ತಾನೆ. "ಮದ್ದು ಹೊಡೆಯಬೇಕು." ಮುಗಿಯಿತು.

ಅಡಿಕೆಯ ಮಹತ್ವದ ಬಗ್ಗೆ ಇರುವ ಮೂರು ಪ್ಯಾರಾಗಳನ್ನೂ ಪೂರ್ತಿ ಹೊಡೆದಿದ್ದೇನೆ. ಕೊಳೆರೋಗದ ಲೇಖನ ತೆರೆದವನಿಗೆ ಅಡಿಕೆ ಏನೆಂದು ಗೊತ್ತಿರುತ್ತದೆ.

ಇಷ್ಟರಲ್ಲೇ ಸುಮಾರು 700 ಪದ ಹೋಯಿತು. ಒಂದು ವಿಷಯವೂ ಹೋಗಿಲ್ಲ. ನನಗೆ ಬೇಸರವಾದದ್ದು ಇನ್ನೊಂದಕ್ಕೆ. ಇಷ್ಟು ಉದ್ದದ ಲೇಖನದಲ್ಲಿ ಚಾಕುವಿನ ಪರೀಕ್ಷೆಗೆ ಕೊಟ್ಟಿರುವುದು ಒಂದೇ ವಾಕ್ಯ. ಚಾಕು ಎಷ್ಟು ಹೊತ್ತು ಇಡಬೇಕು, ಬಣ್ಣ ಹೇಗೆ ಬರುತ್ತದೆ, ಬಂದರೆ ಏನು ಮಾಡಬೇಕು ಎಂದೇ ಇಲ್ಲ. ಸುಳ್ಯದವರ ಪಕ್ಕದ ಮನೆಯವರು ಎಡವಿದ್ದೇ ಅಲ್ಲಿ. ಅಲ್ಲಿ ಲೇಖನ ಉದ್ದವಾಗಬೇಕು.

ಮೂರನೇಬೆಂಚು (ಬುಧವಾರ, ಬೆಳಿಗ್ಗೆ 8.50)

"ಎಂದರೆ ತಪ್ಪಾಗಲಾರದು" ನನ್ನ ಆಂತರಿಕ ಪರೀಕ್ಷೆಯ ಉತ್ತರದಲ್ಲಿ ನಾಲ್ಕು ಸಲ ಇದೆ. ಉತ್ತರ ಎರಡು ಪುಟ ತುಂಬದಿದ್ದರೆ ಅಂಕ ಕೊಡುವುದಿಲ್ಲ ಸರ್. ನಾವು ಕಲಿತದ್ದೇ ಹಾಗೆ.

ಕೆಂಪುಶಾಯಿ (ಬುಧವಾರ, ಬೆಳಿಗ್ಗೆ 9.00)

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾನೂ ಹಾಗೆಯೇ ಪಾಸಾದವನು.

ತೋಟದಮನೆ (ಗುರುವಾರ, ರಾತ್ರಿ 9.15)

ಎರಡು ದಿನ ಕುಳಿತು ಮತ್ತೆ ಬರೆದೆ. ಮೊದಲ ದಿನ ಕೆಂಪುಶಾಯಿಯವರ ಮೇಲೆ ಸಿಟ್ಟು ಬಂದಿತ್ತು, ಎರಡನೇ ದಿನ ಇಳಿಯಿತು.

ಈಗ ಪುಟ ತೆರೆದ ಕೂಡಲೇ ಕಾಣುವುದು ಇದು:

"100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 50 ಲೀಟರ್ ನೀರಿನಲ್ಲಿ ಮೈಲುತುತ್ತ ಕರಗಿಸಿ. ಇನ್ನೊಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಸುಣ್ಣ ಕಲಸಿ ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕುತ್ತಿರಿ. ತಿರುಗಾ ಮುರುಗಾ ಮಾಡಬೇಡಿ. ಲೋಹದ ಪಾತ್ರೆ ಬೇಡ. ಹೊಳೆಯುವ ಹಾಗೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಪರೀಕ್ಷಿಸಿ. ಬಣ್ಣ ಕೂರುವುದು ನಿಂತ ಮೇಲೆ ಹೊಡೆಯಿರಿ. ಮಾಡಿದ ದಿನವೇ ಮುಗಿಸಿ. ಮುಂಗಾರಿಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ."

ಇದಾದ ಮೇಲೆ ಒಂದು ಗೆರೆ. ಗೆರೆಯ ಕೆಳಗೆ ಉಳಿದದ್ದೆಲ್ಲ: ಯಾಕೆ ಹೀಗೆ, ತಪ್ಪಿದರೆ ಏನಾಗುತ್ತದೆ, ಅಜ್ಜಿ, ದ್ರಾಕ್ಷಿ. ಕೋಲ್ಮನ್ ಭಾಗವನ್ನು ಎತ್ತಿಟ್ಟಿದ್ದೇನೆ. ಅದೇ ಬೇರೊಂದು ಲೇಖನವಾಗುವಷ್ಟಿದೆ, ಇಲ್ಲಿ ತುರುಕಿದ್ದು ಅವರಿಗೂ ಅನ್ಯಾಯವೇ. ಒಟ್ಟು 2,150 ಪದ. "12 ನಿಮಿಷ" ತೆಗೆದಿದ್ದೇನೆ. ಜಾಲಪತ್ರಿಕೆಯವರಿಗೆ ಮೇಲಿನ ಭಾಗವನ್ನು ಮಾತ್ರ ಕಳುಹಿಸಿದೆ. ನೂರು ಪದವೂ ಇಲ್ಲ. ಅದು ತೀರಾ ಚಿಕ್ಕದಾಯಿತು, ಕನಿಷ್ಠ 500 ಬೇಕು ಎಂದು ಉತ್ತರ ಬಂದಿದೆ!

ಕಿವಿಯೋದು (ಗುರುವಾರ, ರಾತ್ರಿ 10.00)

ಕೇಳಿದೆ. ಬಾಗಿಲುಗಳೆಲ್ಲ ತೆರೆಯುತ್ತಿವೆ.

ದೂರದೂರು (ಶುಕ್ರವಾರ, ಬೆಳಿಗ್ಗೆ 6.10)

ಅಜ್ಜಿ ಉಳಿದರು. ನೆಮ್ಮದಿ. ಕೊನೆಗೌಡ ಮರದಿಂದ ಮರಕ್ಕೆ ಹೋಗುವ ವಾಕ್ಯವನ್ನು ಸ್ವಲ್ಪ ಮೊಟಕು ಮಾಡಿದ್ದೀರಿ. ನನಗೆ ಗೊತ್ತಾಯಿತು.

ಸುಳ್ಯದಂಗಳ (ಶುಕ್ರವಾರ, ರಾತ್ರಿ 9.40)

ಮೇಲಿನ ಭಾಗವನ್ನು ಮಗ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಪಂಪ್ ಶೆಡ್ಡಿನ ಗೋಡೆಗೆ ಅಂಟಿಸಿದ್ದಾನೆ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದೇವೆ, ಸುಣ್ಣ ತಾಗಿದರೂ ಒರೆಸಬಹುದು.

ಇವತ್ತು ಮದ್ದಿನ ಕೆಲಸ ಮುಗಿಯಿತು. ಊಟ ಮಾಡಿ ಕುಳಿತು ಗೆರೆಯ ಕೆಳಗಿನದನ್ನೂ ಓದಿದೆ, ಪೂರ್ತಿ. ಅಜ್ಜಿಯ ಭಾಗದಲ್ಲಿ ಒಂದು ಕೊರತೆ ಇದೆ ಅಕ್ಕ. ಕೊಟ್ಟೆಯನ್ನು ಕರಡದ ಹುಲ್ಲಿನಿಂದ ಕಟ್ಟುತ್ತಿದ್ದರು ಎಂದು ಮಾತ್ರ ಬರೆದಿದ್ದೀರಿ. ನನ್ನ ತಾಯಿಯ ತವರಿನಲ್ಲಿ ಅಡಿಕೆ ಹಾಳೆಯಿಂದಲೇ ಮಾಡುತ್ತಿದ್ದರಂತೆ, ನೆನೆಸಿ, ಮಡಿಸಿ. ತಾಯಿಗೆ ಎಂಬತ್ತೆರಡು. ಹೇಗೆಂದು ಕೈಯಲ್ಲಿ ಮಾಡಿ ತೋರಿಸಿದರು. ಅದೂ ಇರಬೇಕು.

ತೋಟದಮನೆ (ಶುಕ್ರವಾರ, ರಾತ್ರಿ 9.52)

ಅಣ್ಣ, ಫೋನ್ ಮಾಡಲೇ? ತಾಯಿಯವರು ಮಲಗಿಲ್ಲ ತಾನೇ?